ಎಲ್ಲಿ

ಸತ್ತದ್ದು ಒಂದೇ ಟಗರು.
ಅದನ್ನು ಅಳಿಸಲು ಕೂತ ಯೋಹಿಲ್ಡ್
ಆಜ್ಞೆಯಲ್ಲಿ ‘ಎಲ್ಲಿ’ ಅನ್ನುವುದೊಂದನ್ನು ಬಿಟ್ಟಳು.
ಎಲ್ಲಿ ಬಿಟ್ಟಿದ್ದಕ್ಕೆ ಎಲ್ಲ ಹೋಯಿತು,
ಪರದೆಯ ಮೇಲೆ ಇಲ್ಲ ಉಳಿಯಿತು.

ಟೋರ್ಸ್‌ಹಾವ್ನ್, ಮೇ ತಿಂಗಳು, ಕಿಟಕಿಯಾಚೆ ಮಂಜು.
ಯಾವ ಮರಿ ಯಾರದು, ಯಾವ ಗುಡ್ಡ ಯಾರ ಪಾಲು,
ಬಿಂದುವಿನಿಂದ ಬಿಂದುವಿಗೆ ಕಟ್ಟಿದ ದಾರವೆಲ್ಲ
ಅರೆಗಳಿಗೆಯಲ್ಲಿ.
ಹೊರಗೆ ಕುರಿಗಳು ಮೇಯುತ್ತಲೇ ಇದ್ದವು
ನಂಟು ಕಡಿದದ್ದು ತಿಳಿಯದೆ.

ರಾತ್ರಿ ಮೂರರ ಬ್ಯಾಕಪ್ ಇತ್ತು, ಪುಣ್ಯ.
ಮರಳಿ ತುಂಬಲು ನಲವತ್ತು ನಿಮಿಷ,
ಕಾಫಿ ಎರಡು ಸಲ ತಣ್ಣಗಾಯಿತು.
ಆದರೆ ಬೆಳಗಿನ ಹನ್ನೊಂದು ಮರಿಗಳು
ಮೂರು ಗಂಟೆಗೆ ಹುಟ್ಟಿರಲಿಲ್ಲವಲ್ಲ!

ಸಾಂದೋಯ್ ದ್ವೀಪದ ಹಾನುಸ್‌ಗೆ ಫೋನು.
ಮುದುಕ ಗೊಣಗಲಿಲ್ಲ, ಬಾಯಲ್ಲೇ ಒಪ್ಪಿಸಿದ:
“ಬೂದು ಕುರಿಗೆ ಅವಳಿ, ಕುಂಟಿಗೆ ಒಂದು,
ಆ ಕರಿಮೂತಿಯದಕ್ಕೆ... ತಡಿ, ನೋಡಿಬರ್ತೀನಿ.”
ಆಮೇಲೆ ಬರೀ ಗಾಳಿ, ಬೂಟಿನ ಸದ್ದು.

ಈಗ ಅವಳು ಅಳಿಸುವ ಮುನ್ನ ಎಣಿಸುತ್ತಾಳೆ.
ಲೆಕ್ಕ ಒಂದೇ ಬಂದರೂ ಒಮ್ಮೆ ಕೈ ಹಿಂದೆ.
ಆ ಟಗರು ಇನ್ನೂ ಅಲ್ಲೇ ಇದೆ,
‘ಸತ್ತಿದೆ’ ಅಂತ ಬರೆದಿದ್ದಾಳೆ, ಅಷ್ಟೆ.
ಅದರಿಂದ ಹೊರಟ ಹದಿನಾಲ್ಕು ಗೆರೆಗಳು
ಗುಡ್ಡದ ಮೇಲೆ ಮೇಯುತ್ತಿವೆ.