ಮರಿವಸಂತ

ಚೆಪ್ತ್ಸಾ ನದಿಯ ಮಂಜುಗಡ್ಡೆ ಬಿರಿದ ವಾರವೇ
ತಂಗಿಯ ಮೂಗಿನ ಮೇಲೆ ಮತ್ತೆ ಶುರು.
ಮೊದಲು ಮೂರು, ಆಮೇಲೆ ಒಂಬತ್ತು,
ಆಮೇಲೆ ಲೆಕ್ಕ ತಪ್ಪಿತು.
ಬನ್ನಿನ ಮೇಲೆ ಗಸಗಸೆ ಉದುರಿಸುವಾಗ
ಯಾರೋ ಹಿಂದಿನಿಂದ ಮೊಣಕೈ ತಟ್ಟಿದ ಹಾಗೆ.

ನನಗೆ ಒಂದೂ ಇಲ್ಲ.
ಅದೇ ಆಲೂಗಡ್ಡೆ ಹೊಲ, ಅದೇ ಬಿಸಿಲು,
ಇಬ್ಬರಿಗೂ ಒಂದೇ ತಲೆವಸ್ತ್ರ, ಸರದಿಯ ಮೇಲೆ.

"ಹೋದ ವರ್ಷ ಕವಲುತೋಕೆಯ ಗೂಡು ಮುಟ್ಟಿದ್ದಾಳೆ,
ಮೊಟ್ಟೆಯ ಚುಕ್ಕಿ ಮೋರೆಗೆ ಹತ್ತಿದೆ,"
ಉದ್ಮುರ್ತ್ ಮಾತಲ್ಲಿ ಅಜ್ಜಿ ತೀರ್ಪು ಕೊಟ್ಟಳು.
ಗೂಡು ಮುಟ್ಟಿದವಳು ನಾನು.
ಬಾಯಿ ಬಿಡಲಿಲ್ಲ.

ಇಟಾಲ್ಮಸ್ ಅಳಲಿಲ್ಲ. ಗೋಡೆಗೊರಗಿ ಮುಖ ಎತ್ತಿದಳು.
ಅಮ್ಮ ಹುಳಿಮಜ್ಜಿಗೆಯಲ್ಲಿ ಬಟ್ಟೆ ಅದ್ದಿ ಉಜ್ಜಿದಳು
ಪಾತ್ರೆಯ ತಳದ ಸೀಕಲು ಉಜ್ಜುವ ಹಾಗೆ.
ಮೂಗು ಕೆಂಪಾಯಿತು. ಚುಕ್ಕಿ ಇದ್ದಲ್ಲೇ.

ಅಷ್ಟರಲ್ಲಿ ಬಂದ ನರ್ಸ್ ಅಗ್ನಿಯಾ ಯೆಗೋರೊವ್ನಾ
ಔಷಧಿ ಚೀಟಿಯ ಹಿಂದೆ ಚಿತ್ರ ಬರೆದಳು:
ಚರ್ಮದಡಿ ಬಣ್ಣ ಅರೆಯುವ ಕಣಗಳು,
ಬಿಸಿಲು ಬಡಿದರೆ ಕೆಲವರಲ್ಲಿ ಎಲ್ಲವೂ ಕೂಡಿ
ಒಂದೇ ಕಂಬಳಿ ಹೊದಿಸುತ್ತವೆ,
ಕೆಲವರಲ್ಲಿ ಅಲ್ಲೊಂದು ಇಲ್ಲೊಂದು ಎದ್ದು
ಕೊಡೆ ಬಿಚ್ಚುತ್ತದೆ,
ಉಳಿದವಕ್ಕೆ ಇನ್ನೂ ಬೆಳಗಾಗಿಲ್ಲ.
"ರೋಗ ಅಲ್ಲ, ಕೊಳೆ ಅಲ್ಲ. ರಷ್ಯನ್ನಿನಲ್ಲಿ
ಇದರ ಹೆಸರೇ ಮರಿವಸಂತ.
ಹಿರಿಯರಿಂದ ಬರುತ್ತದೆ. ನಿಮ್ಮಲ್ಲಿ ಯಾರಿಗಿತ್ತು?"

ಯಾರಿಗೂ ಇಲ್ಲ, ಎಂದೆ ನಾನು.
ಅಪ್ಪನದು ಒಂದೇ ಫೋಟೋ ಗೋಡೆಯ ಮೇಲೆ.
ಕಾಮಾ ನದಿಯಲ್ಲಿ ಮರದ ದಿಮ್ಮಿ ತೇಲಿಸಲು ಹೋದ,
ದಿಮ್ಮಿಗಳು ಬಂದವು.
ಫೋಟೋದಲ್ಲಿ ಅವನ ಮುಖ
ಸುಣ್ಣ ಬಳಿದ ಒಲೆಯಷ್ಟು ನುಣುಪು.

ಬಟ್ಟೆ ಹಿಂಡುತ್ತಿದ್ದ ಅಮ್ಮ ನಿಂತಳು.
"ಫೋಟೋದವನು ಮೂರು ರೂಬಲ್ ಹೆಚ್ಚು ಕೇಳಿದ
ಒಂದೊಂದನ್ನೇ ಕುಂಚದಲ್ಲಿ ಮುಚ್ಚೋದಕ್ಕೆ.
ನಾನೇ ಕೊಟ್ಟೆ.
ಮದುವೆಯ ದಿನ ಅಲ್ಲವೇ,
ಚೊಕ್ಕ ಇರಲಿ ಅಂತ."

ಗೋಡೆಯತ್ತ ಯಾರೂ ನೋಡಲಿಲ್ಲ.
ಅಜ್ಜಿ ಬಟ್ಟಲು ಎಳೆದುಕೊಂಡು
ಬಟ್ಟೆ ಅದ್ದಿದ್ದೆಂಬುದನ್ನೂ ಲೆಕ್ಕಿಸದೆ
ಚಿಟಿಕೆ ಉಪ್ಪು ಹಾಕಿ
ಮಜ್ಜಿಗೆ ಕುಡಿದುಬಿಟ್ಟಳು.

ಆ ರಾತ್ರಿ ದೀಪ ಹಿಡಿದು
ಮಲಗಿದ ತಂಗಿಯ ಮುಖ ನೋಡಿದೆ.
ಎಡಗಣ್ಣಿನ ಕೆಳಗೆ ಮೂರು, ಒಂದೇ ಸಾಲು.
ಅಪ್ಪನಿಗೂ ಅಲ್ಲೇ ಇದ್ದವೇನೋ.

ಮೇ ತಿಂಗಳಲ್ಲಿ ಆಲೂಗಡ್ಡೆ ನೆಡುವಾಗ
ನನ್ನ ಸರದಿಯ ತಲೆವಸ್ತ್ರವನ್ನೂ ಅವಳಿಗೇ ಕೊಟ್ಟು
ಇಡೀ ದಿನ ಬಿಸಿಲಿಗೆ ಮುಖ ಒಡ್ಡಿದೆ.
ಮೂಗಿನ ತೊಗಲು ಸುಲಿಯಿತು,
ಅಷ್ಟೆ.