ಕೋಟು ಕಾಯುವವಳು ಕೊಟ್ಟ ವಿಳಾಸಗಳು

ಹಾಡು ಎಲ್ಲಿ ಚೆನ್ನಾಗಿರುತ್ತದೆ ಅಂತ ಕೇಳಿದಿರಲ್ಲ,
ಮೊದಲು ಕೋಟು ಕೊಡಿ.
ಕೊರಳ ಹಿಂದಿನ ಕುಣಿಕೆ ಕಿತ್ತಿದೆ, ನೀವು ನೋಡಿಯೇ ಇಲ್ಲ;
ಇರಲಿ, ಮಧ್ಯಂತರದೊಳಗೆ ಹೊಲಿದಿಡುತ್ತೇನೆ.
ಇದು ನಿಮ್ಮ ಬಿಲ್ಲೆ, ನೂರ ನಲವತ್ತೊಂದು.
ಹಿತ್ತಾಳೆಯದು. ಕಳೆದರೆ ದಂಡ ನನಗೆ.

ನಾನು ತ್ಸಿಯಾಲಾ.
ತ್ಬಿಲಿಸಿಯ ಈ ಸಭಾಂಗಣದ ಮೆಟ್ಟಿಲ ಕೆಳಗೆ
ಮೂವತ್ತೆಂಟು ವರ್ಷ.
ಸಂಗೀತ ಇಲ್ಲಿಗೆ ಬರುವುದು
ಪಕ್ಕದ ಮನೆಯ ಜಗಳ ಕೇಳಿಸಿದ ಹಾಗೆ:
ಮಾತು ತಿಳಿಯುವುದಿಲ್ಲ, ಯಾರು ಸೋತರೆಂದು ತಿಳಿಯುತ್ತದೆ.
ಪಿಟೀಲು ಮೆಟ್ಟಿಲಲ್ಲೇ ಸೋಸಿಹೋಗಿ
ನನಗೆ ದಕ್ಕುವುದು ದೊಡ್ಡ ನಗಾರಿ, ಆಮೇಲೆ ಚಪ್ಪಾಳೆ.

ಕಚೇರಿ ಹೇಗಾಯಿತೆಂದು ಕೋಟುಗಳು ಹೇಳುತ್ತವೆ.
ಚೆನ್ನಾಗಿದ್ದ ರಾತ್ರಿ
ತೋಳೊಳಗೆ ಕೈ ತೂರಿಸುವುದೇ ನಿಧಾನ,
ಬಿಲ್ಲೆ ಯಾವ ಜೇಬಿನಲ್ಲಿದೆಯೋ ಯಾರಿಗೂ ನೆನಪಿಲ್ಲ.
ಕೆಟ್ಟಿದ್ದರೆ ಬರೀ ಮೊಣಕೈ.

ಸರಿ, ಬರೆದುಕೊಳ್ಳಿ.
ಗಂಧಕದ ಸ್ನಾನದ ಮನೆಗಳ ಹಿಂದೆ, ಏರುದಾರಿಯಲ್ಲಿ
ಅಂಜೂರದ ಮರ ಕಂಡಲ್ಲಿ ನಿಲ್ಲಿ.
ಸಂಜೆ ಗುರಾಮಿ ದುದುಕಿ ಊದುತ್ತಾನೆ,
ಅವನ ಭಾವಮೈದುನ ಕೆನ್ನೆ ಉಬ್ಬಿಸಿ
ಉಸಿರು ಮುರಿಯದೆ ಶ್ರುತಿ ಹಿಡಿದಿರುತ್ತಾನೆ.
ಮದುವೆಗೂ ಅದೇ ಕೊಳವೆ, ಹೆಣದ ಮುಂದೆಯೂ ಅದೇ.
ದುಡ್ಡು ಟೋಪಿಗೆ ಹಾಕಬೇಡಿ,
ಊದಿದವನ ಕೈಗೇ ಕೊಡಿ. ಕಾರಣ ಕೇಳಬೇಡಿ.

ಭಾನುವಾರ ಬೆಳಿಗ್ಗೆ ನದಿಯ ಎಡದಂಡೆಯ ಸಣ್ಣ ಇಗರ್ಜಿ.
ಆರು ಹೆಂಗಸರು, ಮೂರು ದನಿ.
ಸಂತೆಯಲ್ಲಿ ಕೊತ್ತಂಬರಿ ಮಾರುವ ಎತೇರಿ
ನಡುವಿನ ದನಿಯವಳು;
ಅವಳು ಕೆಮ್ಮಿದರೆ ಇಡೀ ಗೋಪುರ ಒಂದು ಕಡೆ ವಾಲುತ್ತದೆ.
ಕುರ್ಚಿಗಳಿಲ್ಲ. ನಿಂತೇ ಕೇಳಬೇಕು.

ಬೊಂಬೆಯಾಟ ಬೇಕೆ? ರೈಲು ನಿಲ್ದಾಣದಾಚೆ ಒಂದು ನೆಲಮಾಳಿಗೆ,
ಅಲ್ಲಿ ಹರಿದ ಕೊಡೆಯೇ ರಾಜ.
ಅವನು ಸತ್ತಾಗ ದೊಡ್ಡವರು ಅಳುತ್ತಾರೆ,
ಮಕ್ಕಳು ಕೊಡೆ ರಿಪೇರಿಯ ಉಪಾಯ ಕೂಗುತ್ತಾರೆ.

ಮತ್ತೆ, ಯಾರಾದರೂ ಊಟಕ್ಕೆ ಕರೆದರೆ ಇಲ್ಲವೆನ್ನಬೇಡಿ.
ನಾಲ್ಕನೆಯ ಲೋಟದ ಹೊತ್ತಿಗೆ,
ಅಷ್ಟು ಹೊತ್ತೂ ಗ್ಯಾಸಿನ ಬಿಲ್ಲನ್ನು ಬೈಯುತ್ತಿದ್ದವನು
ಕಣ್ಣು ಮುಚ್ಚಿ ಶುರು ಮಾಡುತ್ತಾನೆ.
ಅವನನ್ನು ಮಾತಾಡಿಸದೆ ಎರಡು ವರ್ಷವಾದ ಅಣ್ಣ
ಎದುರಿನಿಂದ ಕೆಳದನಿ ಕೂಡಿಸುತ್ತಾನೆ.
ಹಾಡು ಮುಗಿದ ಮೇಲೆ ಮತ್ತೆ ಮಾತಿಲ್ಲ.

ಆದರೆ ನೀವು ಕೇಳಿದ್ದು, ಎಲ್ಲಕ್ಕಿಂತ ಚೆನ್ನಾಗಿ ಎಲ್ಲಿ ಎಂದು.
ಅದಕ್ಕೀಗ ವಿಳಾಸವಿಲ್ಲ.
ನಾನು ಕೆಲಸಕ್ಕೆ ಸೇರಿ ಆರನೆಯ ಚಳಿಗಾಲ.
ಕರೆಂಟಿಲ್ಲ. ರೊಟ್ಟಿಗೆ ನಸುಕಿನ ನಾಲ್ಕಕ್ಕೆ ಸಾಲು.
ಬೀದಿಗಿಂತ ಸಭಾಂಗಣವೇ ತಣ್ಣಗೆ.
ಆದರೂ ಲಾಮಾರಾ ಪಿಯಾನೋ ನುಡಿಸುತ್ತಾಳೆಂದು ಬಂದರು ಜನ,
ಬಂದವರು ಯಾರೂ ಕೋಟು ಬಿಚ್ಚಲಿಲ್ಲ.

ನಾನೂರು ಗೂಟ. ಒಂದರ ಮೇಲೂ ಏನೂ ಇಲ್ಲ.
ಏನು ಕಾಯಲಿ?
ಮೆಟ್ಟಿಲು ಹತ್ತಿದೆ.

ಒಂಬತ್ತನೆಯ ಸಾಲು, ಗೋಡೆ ಬದಿ.
ಎಂಟು ಮೇಣದಬತ್ತಿ. ಬೆರಳತುದಿ ಕತ್ತರಿಸಿದ ಉಣ್ಣೆಯ ಗವಸು.
ಕೀಲಿಗೆ ಕೈ ತಾಗುವ ಮುಂಚೆ
ಅವಳ ಉಸಿರು ಬೆಳ್ಳಗೆ ಕಾಣುತ್ತಿತ್ತು.
ಏನು ನುಡಿಸಿದಳೋ, ಇವತ್ತಿಗೂ ಗೊತ್ತಿಲ್ಲ;
ಕಾರ್ಯಕ್ರಮದ ಚೀಟಿ ನನಗೆ ಯಾರು ಕೊಡಬೇಕು?
ಆರು ವರ್ಷ ಮೆಟ್ಟಿಲು ನುಂಗಿದ್ದ ಸಣ್ಣ ಸ್ವರಗಳೆಲ್ಲ
ಇಲ್ಲೇ ಇದ್ದವು, ಒಂದೂ ಕಳೆದಿರಲಿಲ್ಲ.
ಗವಸಿನ ಕೈಗಳ ಚಪ್ಪಾಳೆ
ಹಿಟ್ಟಿನ ಚೀಲ ತಟ್ಟಿದ ಹಾಗೆ.
ಆ ವರ್ಷ ಆ ಸದ್ದಿಗೆ ಎಲ್ಲರಿಗೂ ಹಸಿವಾಗುತ್ತಿತ್ತು.

ಆಮೇಲೆ ಕರೆಂಟು ಬಂತು, ಬಿಸಿಗಾಳಿ ಬಂತು,
ಕೋಟುಗಳು ಬಂದವು.
ನಾನು ಕೆಳಗೆ ಬಂದೆ.

ಹೋಗಿ, ಇದು ಮೂರನೆಯ ಗಂಟೆ.
ಒಂದೇ ಮಾತು: ಒಳಗೆ ಹೋದ ಮೇಲೆ
ಬಾಗಿಲು ಪೂರ್ತಿ ಎಳೆದುಕೊಳ್ಳಬೇಡಿ.
ಕೀಲು ಕೆಟ್ಟಿದೆ ಅಂದುಕೊಳ್ಳುತ್ತಾರೆ.