ಎರಡು ಎಂಬಿಯೊಳಗಿನ ಕಡಲು

ಜೂನ್ ಒಂದಕ್ಕೆ ಬೈತಖೋಲದ ಬಂದರು ಬಾಯಿ ಮುಚ್ಚುತ್ತದೆ.
ಅರವತ್ತೊಂದು ದಿನ ಬಲೆಗಳಿಗೆ ರಜೆ, ನನಗೆ ಸುಗ್ಗಿ.
ದಡ ಹತ್ತಿದ ಬೋಟುಗಳು ಹೊಟ್ಟೆ ತೋರಿಸಿ ನಿಂತಿರುವಾಗ
ತಾಡಪಾಲಿನ ಕೆಳಗೆ ಏಣಿ ಇಟ್ಟು
ವರ್ಷವಿಡೀ ಉಪ್ಪು ತಿಂದು ಸವೆದ ಹೆಸರುಗಳನ್ನು
ಮತ್ತೆ ಬರೆಯುತ್ತೇನೆ.
ಅಕ್ಷರಕ್ಕೆ ನಲವತ್ತು ರೂಪಾಯಿ.
‘ಶ್ರೀ ದುರ್ಗಾ’ದವರದು ಪ್ರತಿ ವರ್ಷ ಅದೇ ತಕರಾರು:
ಅರ್ಕಾವತ್ತಿಗೂ ದುಡ್ಡೇ, ಬಾಯಿ?

ಅದೇ ಜೂನಿಗೆ ಅರ್ಜಿಯ ಗಡುವು.
ರಾತ್ರಿ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ
ಮೊಬೈಲಿನಲ್ಲಿ ಫಾರ್ಮು ತೆರೆಯುತ್ತೇನೆ.
ಹೆಸರು: ಶೇವಂತಿ.
ಅಡ್ಡಹೆಸರು: ತಾಂಡೇಲ.
ಚುಕ್ಕಾಣಿ ಹಿಡಿದವನು ಎಂದರ್ಥ. ಅರ್ಥಕ್ಕೆ ಖಾನೆ ಇಲ್ಲ.
ಓದು: ಧಾರವಾಡ, ಚಿತ್ರಕಲೆ, ಐದು ವರ್ಷ.
ಏಕವ್ಯಕ್ತಿ ಪ್ರದರ್ಶನಗಳು:
ಒಂದು ಗೆರೆ ಎಳೆದು ಸುಮ್ಮನೆ ಕೂತೆ.
ಮೂವತ್ತೇಳು ಬೋಟುಗಳು ನನ್ನ ಕೈಬರಹ ಹೊತ್ತು
ಮಲ್ಪೆಯಿಂದ ರತ್ನಾಗಿರಿಯ ತನಕ ತಿರುಗುತ್ತವೆ,
ಅದನ್ನು ಎಲ್ಲಿ ನಮೂದಿಸಲಿ?

ಪ್ರಶಸ್ತಿಗಳು: ಇದೆ, ಒಂದು.
ಉತ್ಸವದ ವೇದಿಕೆಯಲ್ಲಿ ಶಾಲು, ಮೋಸಂಬಿ, ಗೋಡೆ ಗಡಿಯಾರ.
ಚೆಕ್ಕು ಮೇಲಿನಿಂದ ಬರಬೇಕು ಅಂದರು;
ಗಡಿಯಾರ ನಡೆಯುತ್ತಿದೆ, ಚೆಕ್ಕು ಇನ್ನೂ ಹೊರಟಿಲ್ಲ.
ಸಾರ್ವಜನಿಕ ಕೆಲಸ: ಕಡಲದಂಡೆಯ ಗೋಡೆ, ಚದರಡಿ ಲೆಕ್ಕ.
ಡಾಲ್ಫಿನ್ ಬೇಕು, ದೀಪಸ್ತಂಭ ಬೇಕು, ಯಕ್ಷಗಾನದ ಕಿರೀಟ ಬೇಕು,
ಡಾಲ್ಫಿನ್ನಿಗೇ ಕಿರೀಟ ತೊಡಿಸಲೇ ಎಂದೆ.
ಸಾಹೇಬರು ನಗಲಿಲ್ಲ. ಯೋಚಿಸಿ ಹೇಳ್ತೇನೆ ಅಂದರು.

ನಿಮ್ಮ ಕಲೆ ಯಾವ ಪ್ರಶ್ನೆಯನ್ನು ಎತ್ತುತ್ತದೆ?
ಇನ್ನೂರು ಪದ ಮೀರಬಾರದು.
ಮೊದಲ ವರ್ಷ ಬರೆದಿದ್ದೆ: ನನಗೆ ಸಮುದ್ರ ಇಷ್ಟ.
ಎರಡನೆಯ ಸಲ ಗೆಳತಿ ಮೆಹರೂನ್ ತಿದ್ದಿಕೊಟ್ಟಳು:
ಅಂಚು, ನೆನಪು, ದೇಹ, ಸ್ಥಳಾಂತರ.
ಚೆನ್ನಾಗಿತ್ತು,
ಬೇರೆಯವರ ಸೀರೆ ಉಟ್ಟು ಮದುವೆಗೆ ಹೋದ ಹಾಗೆ,
ಊಟದ ಹೊತ್ತಿಗೆಲ್ಲ ಕಲೆ ಬಿದ್ದೀತೆಂಬ ಭಯ.
ಸ್ಥಳಾಂತರ.
ನೌಕಾನೆಲೆಗೆ ದಡ ಬಿಟ್ಟು ಬರುವಾಗ ಅಜ್ಜಿ
ಒಲೆಯ ಮೂರು ಕಲ್ಲನ್ನೂ ಟೆಂಪೋಕ್ಕೆ ಹಾಕಿಸಿದ್ದಳು.
ಆ ಪದ ಆಗ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಚಿತ್ರಗಳು ಹತ್ತು, ತಲಾ ಎರಡು ಎಂಬಿ.
ಹಳೆಯ ಹಾಯಿಬಟ್ಟೆಯ ಮೇಲೆ ಎಂಟಡಿ ಉದ್ದ
ಒಣಮೀನು ಹರವುವ ಐದು ಹೆಂಗಸರು.
ಕುಗ್ಗಿಸಿದೆ. ಸಾಲದು. ಮತ್ತೆ ಕುಗ್ಗಿಸಿದೆ.
ಸಾವಿತ್ರಕ್ಕನ ಮೂಗುತಿ ಹೋಯಿತು,
ಬಂಗಡೆಗಳ ಕಣ್ಣು ಹೋಯಿತು,
ಬಿಸಿಲಿಗೂ ಮರಳಿಗೂ ವ್ಯತ್ಯಾಸ ಹೋಯಿತು,
ಆಗ ಫಾರ್ಮು ಹಸಿರು ಗುರುತು ತೋರಿಸಿತು.

ಆಯ್ಕೆಯಾದವರಿಗೆ ಎರಡು ತಿಂಗಳು ಊಟ, ವಾಸ, ಮೌನ,
ಸಮುದ್ರ ಕಾಣುವ ಕಿಟಕಿ.
ಸಮುದ್ರ ನೋಡಲಿಕ್ಕೆ ಅಷ್ಟು ದೂರವಾ? ಎಂದಳು ಆಯಿ,
ನಮ್ಮ ಹಿತ್ತಿಲಿಗೆ ಬೆನ್ನು ಹಾಕಿ ಕೂತು.
ಸಮುದ್ರಕ್ಕಲ್ಲ ಆಯಿ. ಬಾಗಿಲಿಗೆ.
ಒಳಗಿನಿಂದ ಚಿಲಕವಿರುವ ಒಂದು ಬಾಗಿಲಿಗೆ.
ನಳ್ಳಿ ಬಂತು, ಕೊಡ ತಾ ಎಂದು
ಯಾರೂ ತಟ್ಟದ ಬಾಗಿಲಿಗೆ.
ಆಯಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ
ತಾನೇ ಎದ್ದು ಕೊಡ ತುಂಬಿಸಿದಳು.

ಉತ್ತರ ಬಂದದ್ದು ಜುಲೈ ಕೊನೆಗೆ, ನಾನು ಏಣಿಯ ಮೇಲಿದ್ದಾಗ.
ಈ ಸಲ ಬಂದ ಅರ್ಜಿಗಳ ಗುಣಮಟ್ಟ ಅಸಾಧಾರಣವಾಗಿತ್ತು,
ವಿಷಾದದಿಂದ,
ಮುಂದಿನ ವರ್ಷ ದಯವಿಟ್ಟು.
ಕೆಳಗಿನಿಂದ ಇನಾಸ್ ಮಾಮ ಕೂಗಿದ: ಯಾರು ಸತ್ತರು?
ಯಾರೂ ಇಲ್ಲ.
ಹಾಗಾದರೆ ಕುಂಚ ಒಣಗಿಸಬೇಡ. ನಾಡಿದ್ದು ನೀರಿಗಿಳಿಸಬೇಕು.
ಅವನದು ಹೊಸ ಬೋಟು, ಇನ್ನೂ ಹೆಸರಿಲ್ಲ;
ಹೆಂಡತಿಯದು ಒಂದು, ಪಾದ್ರಿಯದು ಇನ್ನೊಂದು,
ಮಗನಿಗೆ ಎರಡೂ ಬೇಡ.
ನೀನೇ ಏನಾದರೂ ಬರೆ ಮಗಾ,
ಆರು ಅಕ್ಷರ ಮೀರಬಾರದು, ಇರುವುದೇ ಅಷ್ಟು ದುಡ್ಡು.

ನೀಲಿಯಲ್ಲಿ ಅದ್ದಿದ್ದೇನೆ.
ಎದುರಿಗೆ ಹದಿನಾಲ್ಕು ಅಡಿ ಬಿಳಿ ಹಲಗೆ,
ಯಾರೂ ಕುಗ್ಗಿಸದ ಹಲಗೆ.
ಕುಂಚದ ತುದಿಯಲ್ಲಿ ಹನಿಯೊಂದು ದಪ್ಪವಾಗುತ್ತಿದೆ.
ಮೊದಲ ಅಕ್ಷರ ಇನ್ನೂ ಗೊತ್ತಿಲ್ಲ.